ಕಪಾಟಿನ ಬಾಗಿಲ ಒಳಬದಿ

ಕಲೀನಾದ ಆ ಒಂದೂವರೆ ಕೋಣೆಯಲ್ಲಿ
ನಮ್ಮ ಗುಟ್ಟಿಗೆ ಸಿಕ್ಕ ಜಾಗ ಅಷ್ಟೇ:
ಕಪಾಟಿನ ಬಾಗಿಲ ಒಳಬದಿ.
ಮದುವೆಯ ಸಾಡೊ ಸೀರೆಗೆ ಮುಖಮಾಡಿ
ಟೇಪಿನಲ್ಲಿ ಅಂಟಿಸಿದ ಚೌಕುಳಿ ಹಾಳೆ.
ಕೆಂಪು ಪೆನ್ಸಿಲ್ ಅಂದರೆ ಬೇಡ.
ಹಸಿರು ಅಂದರೆ,
ಕಾಸ್ಮೀರನಿಗೆ ಏರ್‌ಪೋರ್ಟಿನ ರಾತ್ರಿಪಾಳಿ ಇಲ್ಲದಿದ್ದರೆ,
ಪರದೆಯಾಚೆ ಅತ್ತೆಯ ಗೊರಕೆ ನಿಜವಾದದ್ದಾದರೆ,
ಹೂಂ.

ಮದುವೆಗೆ ಮುಂಚಿನ ತರಗತಿಯಲ್ಲಿ
ಮಿಸೆಸ್ ಕುಟಿನ್ಹೊ ಕಲಿಸಿದ್ದು:
ಎದ್ದ ಕೂಡಲೇ, ಮಾತಿಗೆ ಮುಂಚೆ, ನೀರಿಗೂ ಮುಂಚೆ,
ನಾಲಗೆಯ ಕೆಳಗೆ ಐದು ನಿಮಿಷ.
ತೊಂಬತ್ತೇಳು ಪಾಯಿಂಟ್ ನಾಲ್ಕು, ನಾಲ್ಕು, ಮೂರು,
ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಎಂಟು.
ಏರಿದ ಮೇಲೆ ಮೂರು ದಿನ ಕಾಯಬೇಕು.
"ದೇವರು ಬರೆದದ್ದನ್ನು ಓದಿದ ಹಾಗೆ" ಎಂದರು.
ಫಾದರ್ ಹಿಂದಿನ ಬೆಂಚಿನಲ್ಲಿ
ತಮ್ಮ ಉಗುರು ನೋಡಿಕೊಳ್ಳುತ್ತಿದ್ದರು.

ಓದಿದೆವು. ಸುಳ್ಳು ಯಾಕೆ ಹೇಳಲಿ,
ಹೆತ್ತವಳಿಗೂ ತಿಳಿಯದ ನನ್ನ ಮೈಯ ಲೆಕ್ಕ
ಈ ಗಂಡಸಿಗೆ ಗೊತ್ತಿತ್ತು.
ಬಾಯಲ್ಲಿ ಗಾಜಿನ ಕಡ್ಡಿ, ನಾನು ಮೂಕಿ,
ವಾಚು ಹಿಡಿದು ಪಕ್ಕದಲ್ಲಿ ಅವನು,
ತಲೆಯ ಮೇಲೆ ಮೊದಲ ವಿಮಾನ ಇಳಿಯುವ ಸದ್ದು.
ಹೆಂಡತಿಯ ಬಾಯಿಂದ ಬರುವ ಒಂದು ಅಂಕಿಗೆ
ಎಷ್ಟು ಗಂಡಂದಿರು ಕಾಯುತ್ತಾರೆ?

ಇದನ್ನೂ ಹೇಳಬೇಕು:
ಮೈಗೆ ಆಸೆ ಹುಟ್ಟುವುದು
ಸರಿಯಾಗಿ ಆ ಕೆಂಪು ಚೌಕಗಳಲ್ಲೇ.
ಮಿಸೆಸ್ ಕುಟಿನ್ಹೊ ಹೇಳಿರಲಿಲ್ಲ.
ಗೋಡೆ ಕಡೆ ತಿರುಗಿ ಜಪಸರದ ಮಣಿ ಎಣಿಸಿದ್ದು
ಭಕ್ತಿಗಲ್ಲ.

ಪುಣೆಯ ತಂಗಿ ಫೆಲ್ಸಿ
ಎರಡನೆಯದಾದ ಮೇಲೆ ಕಾಪರ್-ಟಿ ಹಾಕಿಸಿಕೊಂಡಳು.
ಭಾನುವಾರ ಸಾಲಲ್ಲಿ ನಿಂತು ಪರಮಪ್ರಸಾದವನ್ನೂ ತಗೊಳ್ಳುತ್ತಾಳೆ.
"ಬೇಡ ಅನ್ನುವುದು ನೀನೂ, ನಾನೂ.
ನೀನು ಬಾಗಿಲು ತಟ್ಟುವುದಿಲ್ಲ,
ನಾನು ಚಿಲಕ ಹಾಕಿದ್ದೇನೆ. ಅಷ್ಟೇ ಅಲ್ಲವಾ, ಅಕ್ಕಾ?"
ತಟ್ಟದೆ ಇರುವುದು ಬೇರೆ,
ಚಿಲಕ ಹಾಕಿ ಒಬ್ಬನನ್ನು ಹೊರಗೆ ನಿಲ್ಲಿಸುವುದು ಬೇರೆ.
ಹೀಗೆಂದು ನನಗೆ ಹೊಳೆದದ್ದು
ಹಿಂತಿರುಗುವ ಬಸ್ಸು ಖಂಡಾಲ ಘಾಟಿ ಇಳಿಯುವಾಗ.
ಪಕ್ಕದ ಸೀಟಿನವರು ನಿದ್ದೆಯಲ್ಲಿದ್ದರು.

ಆಮೇಲೆ ತಪಸ್ಸುಕಾಲದ ಒಂದು ರಾತ್ರಿ
ಪಾದರಸ ಇಳಿಸಲು ಕೈ ಝಾಡಿಸಿದೆ.
ಕಡ್ಡಿ ಕಪಾಟಿಗೆ ತಗಲಿ ಚೂರು.
ಮಕ್ಕಳು ತುಳಿದಾರೆಂದು ಇಬ್ಬರೂ ಮೊಣಕಾಲೂರಿ,
ಟಾರ್ಚು ಬಾಯಲ್ಲಿ ಕಚ್ಚಿ ಅವನು,
ಯಾರದೋ ಮದುವೆ ಕಾಗದದಿಂದ ಗೋರುತ್ತ ನಾನು.
ಒಂದನ್ನು ಅಟ್ಟಿದರೆ ಐದಾಗುತ್ತದೆ,
ಐದೂ ತಾಗಿದರೆ ಒಂದು.
ನಗು ಬಂತು.
ಅತ್ತೆಯ ಗೊರಕೆ ನಿಂತಿತು.
ಬಾಯಿ ಮುಚ್ಚಿಕೊಂಡು ಮತ್ತೂ ನಕ್ಕೆವು.

ಆ ದಿನದ ಚೌಕಕ್ಕೆ ಬಣ್ಣವಿಲ್ಲ.

ಕುಸ್ವಾರ್ ಕರಿಯುತ್ತಿದ್ದಾಗ ನೋವು ಬಂತು, ಆಲ್ರಿಕ್ ಹುಟ್ಟಿದ.
ಮಿಸೆಸ್ ಕುಟಿನ್ಹೊ ಕೃಪೆ ಎಂದರು. ಫೆಲ್ಸಿ ನಕ್ಕಳು.
ಕಾಸ್ಮೀರ ಏನೂ ಅನ್ನದೆ
ಹೊಸ ಥರ್ಮಾಮೀಟರ್ ತಂದ.

ಮೊನ್ನೆ ಕಪಾಟನ್ನು ಭಂಗಾರ್‌ವಾಲಾನಿಗೆ ಕೊಟ್ಟೆವು.
ಕೆಳಗಿಳಿಸುವಾಗ ಬಾಗಿಲು ತೆರೆದುಕೊಂಡಿತು.
ಒಳಬದಿಯಲ್ಲಿ ಟೇಪಿನ ನಾಲ್ಕು ಕಲೆ.
"ಇಲ್ಲಿ ಏನಿತ್ತು, ಮಮ್ಮಿ?"
ನಿಂತಲ್ಲಿ ನಿಲ್ಲದ ನನ್ನ ಹತ್ತೊಂಬತ್ತರ ಹುಡುಗ.
"ಕ್ಯಾಲೆಂಡರು" ಎಂದೆ,
"ಮೆಟ್ಟಿಲು ನೋಡಿಕೊಂಡು ಇಳಿ."