ಹದಿನೇಳನೆಯ ಪಾಕ

ಹದಿನಾರು ಒಡೆದುಹೋದವು.
ಎಣ್ಣೆ ಮೇಲೆ, ನೀರು ಕೆಳಗೆ,
ನಡುವೆ ಜೇನುಮೇಣದ ತುಣುಕು
ಮದುವೆಮನೆಯಲ್ಲಿ ಮುನಿದ ನೆಂಟರ ಹಾಗೆ ಮೂಲೆ ಹಿಡಿದಿತ್ತು.

ಹದಿನೇಳನೆಯದಕ್ಕೆ ಎರಡನ್ನೂ ಸರಿಸಮ ಕಾಯಿಸಿ
ಎಳೆಯೆಳೆಯಾಗಿ ಸುರಿದೆ, ಕಡೆದೆ,
ರಟ್ಟೆ ಸೋತ ಮೇಲೂ ಕಡೆದೆ.
ಬಿಸಿ ಇಳಿದಾಗ ಚಿಚಿರ್ಕನಕ್ ಎಣ್ಣೆ:
ಇಸಿಕ್-ಕುಲ್ ಸರೋವರದ ದಂಡೆಯ ಮುಳ್ಳುಪೊದೆ,
ಹಣ್ಣು ಹೆಪ್ಪುಗಟ್ಟಿದ ಮೇಲೆ ಕೊಂಬೆ ಬಡಿದು ಉದುರಿಸಿದ್ದು.
ಕಿಲೋಗೆಷ್ಟು ಎಂಬ ಲೆಕ್ಕ
ಕಿತ್ತವರ ಮಣಿಕಟ್ಟಿನ ಗೀರುಗಳಲ್ಲಿದೆ.
ಬಿಳಿಯ ಪಾಕ ಒಂದೇ ಉಸಿರಿಗೆ
ಮೊಟ್ಟೆಯ ಭಂಡಾರವಾಯಿತು.

ಮೊದಲ ಪರೀಕ್ಷೆ ನನ್ನ ಮೇಲೇ.
ಮುಂಗೈಯ ಒಳಮೈಗೆ ಪೆನ್ನಿನಲ್ಲಿ ಆರು ಚೌಕ,
ಎರಡು ದಿನ ಸ್ನಾನವಿಲ್ಲ.
ನಾಲ್ಕನೆಯದು ಕೆಂಪಗೆ ಎದ್ದಿತು.
ಪರಿಮಳಕ್ಕೆಂದು ಆಸೆಪಟ್ಟು ಬೆರೆಸಿದ ಹೂವಿನೆಣ್ಣೆ ಅದು.
ಜಿಪಾರ್ ಎಂದರೆ ನಮ್ಮಲ್ಲಿ ಕಸ್ತೂರಿ, ನನ್ನ ಹೆಸರೇ ಅದು.
ಪಟ್ಟಿಯಲ್ಲಿ ಪರಿಮಳದ ಮೇಲೆ ಗೆರೆ ಎಳೆದೆ.

ಶೀತಪೆಟ್ಟಿಗೆ ಕೆಟ್ಟಿತ್ತು. ಡಬ್ಬಿಯನ್ನು ಕಿಟಕಿಯಾಚೆ ಇಟ್ಟೆ.
ಕರಕೋಲ್‌ನ ಜನವರಿ ಪುಕ್ಕಟೆ ಚಾಕರಿ ಮಾಡಿತು:
ರಾತ್ರಿ ಹಿಮ, ಹಗಲು ಒಲೆಯ ಮಗ್ಗುಲು,
ಹೀಗೆ ಹತ್ತು ಸುತ್ತು.
ಒಡೆಯಲಿಲ್ಲ.
ಯಾರಿಗೂ ಹೇಳಲಿಲ್ಲ, ದೃಷ್ಟಿಯಾದೀತೆಂದು.

ಮೇ ಬಂತು. ಬಾಲಿಕ್ಚಿಯ ರಸ್ತೆಬದಿ
ಹೊಗೆಮೀನು ಮಾರುವ ಹನ್ನೆರಡು ಹೆಂಗಸರಿಗೆ
ಒಂದೊಂದು ಡಬ್ಬಿ, ಒಂದೊಂದು ಹಾಳೆ.
ಉಪ್ಪು, ಚಾಕು, ಸರೋವರದ ಗಾಳಿ
ಅವರ ಗೆಣ್ಣುಗಳನ್ನು ಒಣಗಿದ ಕೆರೆಯಂಗಳ ಮಾಡಿದ್ದವು.
ತುರಿಕೆ ಉಂಟೆ? ಉರಿ ಉಂಟೆ?
ಒಂದರಿಂದ ಐದರೊಳಗೆ ಗುರುತು ಹಾಕಿ.

ನಾಲ್ಕು ವಾರಕ್ಕೆ ಹನ್ನೊಂದು ಹಾಳೆ ತುಂಬಿ ಬಂದವು.
‘ಉರಿ ಇಲ್ಲ, ನೋಟುಗಳೆಲ್ಲ ಹಳದಿ’ ಎಂದು
ಅಂಚಿನಲ್ಲಿ ಯಾರೋ ದೂರು ಬರೆದಿದ್ದರು.
ಕಾಲ್‌ಬೂಬುವಿನ ಹಾಳೆ ಖಾಲಿ,
ಒಂದು ಮೀನಿನ ಪೊರೆ ಅಂಟಿತ್ತು, ಅಷ್ಟೆ.
ಡಬ್ಬಿಯೂ ಖಾಲಿ, ಬೆರಳು ಹಾಕಿ ಬಳಿದಷ್ಟು.

‘ಕೈಗೆಲ್ಲಿ ಹಚ್ಚಲಿ ಮಗಳೇ?
ಬೂದುಗುದುರೆಗೆ ಕೆಚ್ಚಲು ಬಿರಿದಿತ್ತು.
ಮರಿ ಬಾಯಿಟ್ಟರೆ ಸಾಕು, ಒದೆಯುತ್ತಿತ್ತು.
ಈಗ ಕಣ್ಣು ಮುಚ್ಚಿ ನಿಂತು ಕುಡಿಸುತ್ತೆ.’

ನನ್ನ ಎದೆ ಧಸಕ್ಕೆಂದಿತು. ಮರಿಗೇನಾಯಿತು?

‘ಏನಾಗುತ್ತೆ? ಮೂತಿ ಹಳದಿ.’

ಹಾಳೆ ತಿರುವಿ ಹುಡುಕಿದೆ,
ಕುದುರೆಗೆಂದು ಅಂಕಣವಿರಲಿಲ್ಲ.
ನಿಯಮದಂತೆ ಅವಳನ್ನು ಲೆಕ್ಕದಿಂದ ಬಿಟ್ಟೆ.

ಬಿರುಕು ಬಿಟ್ಟ ಕೈ ಚಾಚಿ
‘ಇನ್ನೊಂದು ಕೊಡು, ಈ ಸಲ ಕೈಗೇ’ ಎಂದಳು.

ನಂಬಲಿಲ್ಲ. ದೊಡ್ಡ ಡಬ್ಬಿ ಕೊಟ್ಟೆ.