ಒಂಬೈನೂರು ಬೈಸದ ಚೂರಿ

ಶುಕ್ರವಾರ ಹನ್ನೊಂದಕ್ಕೆ ನನ್ನ ಪಾಳಿ ಮುಗಿಯಿತು.
ಮೂರು ಸಲ ಲಿಂಬೆ ತಿಕ್ಕಿದರೂ ಬಿಡದ
ಅಂಜಲಿನ ವಾಸನೆಯ ಕೈಯಲ್ಲಿ
ಪ್ರಾಪ್ತಿಯ ಕೈ ಹಿಡಿದು
ಮೀನುಕಟ್ಟೆಯಿಂದ ಮತ್ರಾದ ಸೂಕಿಗೆ ನಡೆದೆ.
ಮೊನ್ನೆಗೆ ಅವಳಿಗೆ ಒಂಬತ್ತು ತುಂಬಿತು.
ಸೈಕಲ್ಲು ಬೇಡವಂತೆ, ವಾಚು ಬೇಡವಂತೆ,
'ಅಪ್ಪ, ನಂಗೊಂದು ಚೂರಿ. ನಂದೇ.'

ಊರಿಂದ ಬರುವಾಗ ಅಮ್ಮ ಕೊಟ್ಟಿದ್ದಳು ಒಂದನ್ನು
ಮೊಮ್ಮಗಳಿಗೆಂದು, ಹಳೇ ಸೀರೆಯ ಅಂಚಿನಲ್ಲಿ ಸುತ್ತಿ.
ಕೈಚೀಲಕ್ಕೆ ಹಾಕಿದ ಮರುಳ ನಾನು.
ಬಜ್ಪೆಯಲ್ಲಿ, ಯಂತ್ರದ ಪರದೆಯ ಮೇಲೆ
ಬಂಗುಡೆಯ ನಡುಮುಳ್ಳಿನಂತೆ ಕಂಡಿತು ಅದು.
ಸಮವಸ್ತ್ರದ ಹುಡುಗಿ ನಗುತ್ತಲೇ ಎತ್ತಿ
ನೀಲಿ ಡಬ್ಬಿಗೆ ಹಾಕಿದಳು,
ಉಗುರುಕತ್ತರಿ, ಸ್ಕ್ರೂಡ್ರೈವರುಗಳ ಜೊತೆ.
ಸೀರೆಯಂಚು ಮಾತ್ರ ವಾಪಸು ಸಿಕ್ಕಿತು.

ಸೂಕಿನ ಮೊದಲ ತಿರುವಿಗೇ ಖಂಜರ್‌ಗಳ ಅಂಗಡಿ.
ಬೆಳ್ಳಿಯ ಒರೆ, ಕೊಕ್ಕೆಯಂತೆ ಬಾಗಿದ ತುದಿ.
ಅವಳ ಮೂಗು ಗಾಜಿಗಂಟಿತು.
'ಇದು?'
'ಇದು ಸೊಂಟಕ್ಕೆ ಮಗಾ, ಸೌತೆಕಾಯಿಗಲ್ಲ.'

ಲೋಬಾನದ ಹೊಗೆ ದಾಟಿದರೆ ದಾದ್ ಕರೀಮ್,
ನನ್ನ ಕತ್ತಿಗಳಿಗೆಲ್ಲ ಸಾಣೆ ಹಿಡಿಯುವ ಬಲೂಚಿ.
ಚೂರಿ ತೋರಿಸಲಿಲ್ಲ. 'ಕೈ ತೋರಿಸು' ಎಂದ ಅವಳಿಗೆ.
ಅವಳ ಅಂಗೈಯನ್ನು ತನ್ನ ಅಂಗೈಯ ಮೇಲಿಟ್ಟು
ತೂಗಿದ ಹಾಗೆ ಮಾಡಿದ.
ಕರಡಿ ಚಿತ್ರದ ಗುಲಾಬಿ ಚೂರಿಯನ್ನು ನಾನೇ ಎತ್ತಿದ್ದೆ,
ಉಗುರಿನ ಮೇಲೆಳೆದು ನೋಡಿ, ಛೆ, ಎಂದು ಬದಿಗೆಸೆದ:
ಮೊಂಡನ್ನು ಒತ್ತಬೇಕು, ಒತ್ತಿದ್ದು ಜಾರುತ್ತದೆ,
ಜಾರಿದ್ದು ಬೆರಳನ್ನೇ ಹುಡುಕುತ್ತದೆ.
ಕೊನೆಗೆ ನಾಲ್ಕು ಬೆರಳುದ್ದದ ಅಲಗು, ಮರದ ಹಿಡಿ.
ಹರಿತ ಬಿಟ್ಟ, ಮೊನೆ ಮಾತ್ರ
ಕಲ್ಲಿಗೊತ್ತಿ ದುಂಡು ಮಾಡಿದ.
ರಿಯಾಲ್ ಎಂದವನು ಅವಳ ಮುಖ ನೋಡಿ
ನೂರು ಬೈಸ ಬಿಟ್ಟ.

ರೂವಿಯ ಮೂರನೇ ಮಹಡಿಯಲ್ಲಿ
ಅಡುಗೆಕಟ್ಟೆ ಅವಳ ಎದೆಗೆ ಬರುತ್ತದೆ.
ಊಟದ ಮೇಜಿಗೇ ಬಂದೆವು.
ಹಲಗೆ ಜಾರದಂತೆ ಅಡಿಗೊಂದು ಒದ್ದೆ ಬಟ್ಟೆ.

ನನ್ನಮ್ಮನ ಮೆಟ್ಟುಕತ್ತಿ ಕೂತಲ್ಲೇ ಕೂತಿರುತ್ತಿತ್ತು
ಅವಳ ಪಾದದಡಿ,
ಬದನೆ, ಬಸಳೆ, ಬೂತಾಯಿ
ತಾವೇ ಅದರ ಬಳಿ ಹೋಗುತ್ತಿದ್ದವು.
ಇಲ್ಲಿ ಸೌತೆ ಮಲಗಿದೆ, ಅಲಗು ನಡೆಯಬೇಕು.
ನಡೆಯುವುದಕ್ಕೆ ಕಣ್ಣು ಬೇಕು; ಅದು ನಿನ್ನದು.
'ಟಿವಿ ಕಡೆ ನೋಡುವುದಾದರೆ ಮೊದಲು ಕೆಳಗಿಡು.
ಬೆರಳು ಮಡಚು. ಕುರುಮ್ ದಂಡೆಯಲ್ಲಿ ನೋಡಿದೆವಲ್ಲ,
ಶಂಖದೊಳಗೆ ಸರಿಯುವ ಏಡಿ, ಹಾಗೆ.
ಹೆಬ್ಬೆರಳೂ ಒಳಗೆ. ಅದಕ್ಕೇ ಹೆಚ್ಚು ಕುತೂಹಲ.'
'ಬಿದ್ದರೆ?'
'ಬೀಳಲಿ. ಹಿಂದಕ್ಕೆ ಹಾರು.
ಬೀಳುವ ಚೂರಿಗೆ ಹಿಡಿ ಇರುವುದಿಲ್ಲ.'

ಮೊದಲ ಬಿಲ್ಲೆ ದೋಣಿಯ ಹಲಗೆಯಷ್ಟು ದಪ್ಪ.
ಎರಡನೆಯದು ಒಂದು ಕಡೆ ಬೆಟ್ಟ, ಒಂದು ಕಡೆ ಕಣಿವೆ.
ನಾಲಿಗೆ ಹೊರಗೆ, ಉಸಿರು ಒಳಗೆ.
ಏಳನೆಯದನ್ನು ಎತ್ತಿ ಹಿಡಿದಳು,
ಅದರಾಚೆ ಕಿಟಕಿ ಕಾಣುತ್ತಿತ್ತು.

ನೋಡಲು ಬಗ್ಗಿದೆ. ನನ್ನದೇ ಮೊಣಕೈ.
ಚೂರಿ ಮೇಜಿನಂಚು ದಾಟಿತು.

ಅವಳು ಹಿಂದಕ್ಕೆ ಹಾರಿದಳು.
ನನ್ನ ಕೈ ಮುಂದಕ್ಕೆ ಹೋಯಿತು,
ಇಪ್ಪತ್ತೊಂದು ವರ್ಷ ಮೀನು ಕೊಯ್ದ ಕೈ,
ನನ್ನನ್ನು ಕೇಳದೆ.
'ಅಪ್ಪಾ, ಕೈ!'

ನಿಂತಿತು. ಚೂರಿ ಟೈಲ್ಸಿನ ಮೇಲೆ
ಎರಡು ಸುತ್ತು ತಿರುಗಿ ಸುಮ್ಮನಾಯಿತು.
ಅವಳು ನೆಲ ನೋಡಲಿಲ್ಲ, ನನ್ನ ಎಡಗೈ ನೋಡಿದಳು,
ಉಗುರಿನಷ್ಟು ಗಿಡ್ಡವಾದ ಕಿರುಬೆರಳು.
'ಶಾರ್ಕ್ ಅಲ್ಲ ಅಲ್ವಾ ಅದು?'
'ಅಲ್ಲ.'

ಎತ್ತಿದಳು, ತೊಳೆದಳು,
ಸಿಂಕಿನ ನೊರೆಯಲ್ಲಿ ಬಿಡದೆ ಒರೆಸಿದಳು
ಅಜ್ಜಿಯ ಸೀರೆಯಂಚಿನಿಂದ, ಬೆನ್ನಿನ ಕಡೆಯಿಂದ.
ಇನ್ನು ಕೊಡುವುದನ್ನು ಕಲಿಸಬೇಕು,
ಹಿಡಿ ಅವರ ಕಡೆ, ಅಲಗು ನಮ್ಮ ಕಡೆ
ಎಂದು ಕೈ ಚಾಚಿದೆ.
ಕೊಡಲಿಲ್ಲ. ಮೇಜಿನ ಮೇಲಿಟ್ಟು
ಕೈ ಹಿಂದಕ್ಕೆಳೆದುಕೊಂಡಳು.
'ಕೈಯಿಂದ ಕೈಗೆ ಕೊಟ್ರೆ ಜಗಳ ಆಗ್ತದಂತೆ.
ಅಜ್ಜಿ ಫೋನಲ್ಲಿ ಹೇಳಿದ್ದು. ಈಗ ತಗೊ.'

ತಗೊಂಡೆ.
ಉಪ್ಪಿನ ಡಬ್ಬಿಗೆ ಅವಳಾಗಲೇ ಎದ್ದಿದ್ದಳು.