ಇಳಿದುಕೊಳ್ಳುವುದು

ಭತ್ಯೆ ರಾತ್ರಿಗೆ ಆರುನೂರು ರೂಪಾಯಿ, ರಸೀದಿ ಕಡ್ಡಾಯ.
ಬೆಳಗ್ಗೆ ಎಂಟೂವರೆಗೆ ಮಳೆಮಾಪಕದ ಮುಂದೆ ನಿಂತಿರಬೇಕು,
ಮಳೆ ಬಂದಿರಲಿ, ಬಾರದಿರಲಿ.
ಇಷ್ಟೇ ಇಲಾಖೆಯ ನಿಯಮ.
ಎಲ್ಲಿ ಇಳಿದುಕೊಳ್ಳಬೇಕೆಂಬುದು ನನಗೆ ಬಿಟ್ಟದ್ದು.

ಅಂಗೈಯಗಲದ ಜಿಲ್ಲೆ,
ಕಂಬಳಿಗೆ ಮಾತ್ರ ಊರಿಗೊಂದು ತೂಕ.
ಶನಿವಾರಸಂತೆಯಲ್ಲಿ ಗೊಬ್ಬರದಂಗಡಿಯ ಮೇಲಿನ ಕೋಣೆ;
ಫ್ಯಾನು ತಿರುಗುತ್ತದೆ, ಕನಸಿಗೂ ಯೂರಿಯಾ ವಾಸನೆ,
ಮಲ್ಲೇಶಪ್ಪ ಬಕೆಟ್ ನೀರಿಗೂ ಲೆಕ್ಕ ಇಡುತ್ತಾರೆ.
ಮೂರು ಬಸ್ಸು ಬದಲಿಸಿ ಭಾಗಮಂಡಲ ಸೇರಿದರೆ
ಫೆಬ್ರವರಿಯಲ್ಲೂ ದಿಂಬು
ಹೋದ ಜುಲೈಯನ್ನು ಬಿಟ್ಟುಕೊಟ್ಟಿರುವುದಿಲ್ಲ.
ನಾಪೋಕ್ಲಿನಲ್ಲಿ ಕುಂಞಾಲಿ ಬೀಗದಕೈ ಗೊಂಚಲು ಹಿಡಿದು ಕೇಳುತ್ತಾನೆ:
ಬೀದಿ ಕಡೆ ನಾಯಿ, ಗದ್ದೆ ಕಡೆ ಚಳಿ,
ನಿಮಗೆ ಯಾವುದು ಅಭ್ಯಾಸ?
ಕುಟ್ಟದಲ್ಲಿ ಕೋಣೆ ಚೆನ್ನಾಗಿದೆ,
ಮಂಚಕ್ಕೂ ಮಾಪಕಕ್ಕೂ ನಡುವೆ ಆನೆ ಇದೆ.
ಲೈನ್‌ಮನೆಯ ಜೋಗಿ ಲದ್ದಿ ಕೆದಕಿ ಕಾಫಿ ಬೀಜ ತೋರಿಸಿದ:
ನಿಮಗಿಂತ ಮುಂಚೆ ತಿಂಡಿ ಮುಗಿಸಿ ಹೋಗಿದ್ದಾನೆ ಸಾರ್.

ಇಪ್ಪತ್ತಾರು ವರ್ಷ.
ಚೀಲದಲ್ಲಿ ಅಳತೆಗಾಜು, ರಸಮಟ್ಟ, ನನ್ನದೇ ಬೆಡ್‌ಶೀಟು.

ಈ ಸಲ ಮಕ್ಕಂದೂರು ದಾಟಿ, ಹೊಸ ಮಾಪಕ.
ಹಿತ್ತಲಲ್ಲಿ ಜಾಗ ಕೊಟ್ಟ ಚೋಂದಮ್ಮನ ಮನೆಯಲ್ಲೇ
ಬಾಡಿಗೆಗೆ ಎರಡು ಕೋಣೆ.
ಒಂದಕ್ಕೆ ಗೋಡೆಯಗಲ ಗಾಜು, ಗಾಜಿನ ತುಂಬ ಕಣಿವೆ.
ಇನ್ನೊಂದು ಅಡುಗೆಮನೆಗೆ ಅಂಟಿದ್ದು,
ಕಿಟಕಿ ತೆರೆದರೆ ಕೈಗೆ ಬಂಡೆ.
ಎರಡಕ್ಕೂ ಅದೇ ಆರುನೂರು. ಯಾಕೆಂದು ಕೇಳಿದೆ.
ನೋಡೋಕೆ ಬಂದವರಿಗೆ ಅದು,
ಮಲಗೋಕೆ ಬಂದವರಿಗೆ ಇದು.

ಗಾಜಿನ ಮುಂದೆ ನಿಂತು ನೋಡಿದೆ.
ಎದುರು ಗುಡ್ಡದಲ್ಲಿ ಕಾಫಿ ಸಾಲೊಂದು
ಮಾತಿನ ನಡುವೆ ಎದ್ದುಹೋದವರಂತೆ ನಿಂತುಬಿಟ್ಟಿದೆ.
ಅದರಾಚೆ ಕೆಂಪು ನೆಲ, ಅರ್ಧ ಹುಲ್ಲು.
ನೀರಿನ ಟ್ಯಾಂಕೊಂದಿದೆ, ಮನೆಯಿಲ್ಲ.
ಆ ವರ್ಷ ಗುಡ್ಡ ಇಳೀತು, ಅಂದಳು,
ನಾದಿನಿ ಮನೆಯೂ ಅದರ ಜೊತೆ ಇಳೀತು.
ಬಸ್ಸಿನಿಂದ ನಾನು ಇಳಿದೆ ಅಂದ ಹಾಗೇ, ಅದೇ ಮಾತು.

ಜೂನ್ ಬಂದರೆ ಗಾಜಿನ ಕೋಣೆಗೆ ಬೀಗ,
ಜುಲೈಗೆ ಮನೆಗೇ ಬೀಗ.
ಆಗ ಚೋಂದಮ್ಮನೂ ಊರೂರು ನೋಡುತ್ತಾಳೆ:
ಶಾಲೆಯ ಹಾಲಿನಲ್ಲಿ ಪಕ್ಕದವರ ಕೆಮ್ಮು,
ಸುಂಟಿಕೊಪ್ಪದ ಅಣ್ಣನ ಮನೆಯಲ್ಲಿ ಅತ್ತಿಗೆಯ ಮೌನ,
ಕುಶಾಲನಗರದಲ್ಲಿ ಬಾಡಿಗೆ ರೂಮು.
ಅಲ್ಲಿ ನೆಲ ಸಮ, ನೋಡಿ,
ಆದರೂ ನಿದ್ದೆ ಹತ್ತೋದಿಲ್ಲ.
ಬಾಗಿಲ ಹಿಂದೆ ಮೊಳೆಗೆ ತೂಗುವ ಚೀಲ
ವರ್ಷವಿಡೀ ಹಾಗೇ ಇದೆ:
ಪಹಣಿ, ಟಾರ್ಚು, ಒಂದು ಜೊತೆ ರಬ್ಬರ್ ಚಪ್ಪಲಿ.

ರಾತ್ರಿ ಅಕ್ಕಿರೊಟ್ಟಿ, ಕುಂಬಳ ಕರಿ.
ಬಡಿಸುತ್ತಾ ಕೇಳಿದಳು:
ನಿಮ್ಮ ಗಾಜಿನಲ್ಲಿ ನೀರು ಎಲ್ಲಿಗೆ ಬಂದರೆ ನಾನು ಹೊರಡಬೇಕು?
ಪೆನ್ನಿನಲ್ಲಿ ಒಂದು ಗೆರೆ ಎಳೆದುಕೊಟ್ಟು ಹೋಗಿ.
ನನ್ನ ಪುಸ್ತಕಗಳಲ್ಲಿ ಇಂಚು ಇದೆ, ಸೆಂಟ್ ಇದೆ,
ತೋಟದವರ ಅಜ್ಜನ ಕಾಲದ ಲೆಕ್ಕವೂ ಇದೆ.
ಆ ಗೆರೆ ಇಲ್ಲ.
ಇನ್ನೊಂದು ರೊಟ್ಟಿ ಹಾಕಲಾ, ಅಂದಳು. ಹಾಕಿ, ಅಂದೆ.

ಬಂಡೆ ಕಡೆಯ ಕೋಣೆಯಲ್ಲಿ ಮಲಗಿದೆ.
ಬೆಳಗ್ಗೆ ರಸೀದಿ ಬರೆದಳು, ದುಂಡು ಅಕ್ಷರ:
ಒಬ್ಬರು ಒಂದು ರಾತ್ರಿ ಇಳಿದು,
ಇಳಿದು ಎಂಬುದನ್ನು ಹೊಡೆದುಹಾಕಿ
ಉಳಿದುಕೊಂಡ ಬಾಬ್ತು ಆರುನೂರು.

ಎಂಟೂವರೆ. ಹಿತ್ತಲಲ್ಲಿ ಸಿಮೆಂಟು ಇನ್ನೂ ಹೊಸದು.
ಮಾಪಕದೊಳಗೆ ಒಂದು ಸತ್ತ ಜೇನ್ನೊಣ. ಮಳೆ, ಸೊನ್ನೆ.
ಅಂಚಿನ ಮೇಲೆ ರಸಮಟ್ಟ ಇಟ್ಟು ಬಗ್ಗಿದೆ.
ಗುಳ್ಳೆ ನಡುವಿನಲ್ಲೇ ಇತ್ತು;
ಇಲ್ಲ, ಕೂದಲೆಳೆಯಷ್ಟು ಬಂಡೆಯ ಕಡೆಗೆ.
ಗುಳ್ಳೆ ಯಾವಾಗಲೂ ಎತ್ತರದ ಕಡೆ ಓಡುತ್ತದೆ.

ಷರಾ ಎಂಬ ಕಾಲಮ್ಮಿನಲ್ಲಿ
ಇಷ್ಟು ವರ್ಷ ಅಡ್ಡಗೆರೆ ಎಳೆಯುತ್ತಿದ್ದೆ.
ಇವತ್ತು ಬರೆದೆ: ಬಂಡೆಯ ಕಡೆಗೆ, ಕೂದಲೆಳೆ.
ಆಮೇಲೆ ಒಳಗೆ ಹೋಗಿ ಅವಳಿಗೂ ಓದಿ ಹೇಳಿದೆ.